ಹೊನ್ನಪ್ಪನ ಕೆಮ್ಮು

ಹೋದ ವಾರ ವಿರಾಜಪೇಟೆಯಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಯಾರದೋ ಮನೆಯಲ್ಲಿ ಒಣಮೆಣಸಿನಕಾಯಿ ಹುರಿಯುತ್ತಿದ್ದರು. ಘಾಟು ಬೀದಿಗೆಲ್ಲ ಹರಡಿತ್ತು. ನಾನು ಕರ್ಚೀಫು ಮೂಗಿಗೆ ಒತ್ತಿಕೊಂಡು ಕೆಮ್ಮುತ್ತ ನಿಂತಿದ್ದಾಗ ಹತ್ತಿರದಲ್ಲೇ ಇನ್ನೊಬ್ಬರು ಕೆಮ್ಮಿದರು. ಎರಡು ಸಣ್ಣ ಕೆಮ್ಮು, ನಡುವೆ ಎಳೆದ ಒಂದು ಉಸಿರು, ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು. ತಿರುಗಿ ನೋಡಿದೆ. ಮನುಷ್ಯರು ಯಾರೂ ಇರಲಿಲ್ಲ. ಒಂದು ಜೀಪು ನಿಂತಿತ್ತು, ಅದರ ನೆತ್ತಿಯ ಮೇಲೆ ಸ್ಪೀಕರು. ಅದರೊಳಗಿಂದ ಗಂಡಸಿನ ದನಿಯೊಂದು, ಕಾಡಂಚಿನ ನಮ್ಮ ಹೋಮ್‌ಸ್ಟೇಗೆ ಬನ್ನಿ, ಆನೆ ಖಂಡಿತ ಕಾಣ್ತವೆ ಎಂದು ಕರೆಯುತ್ತಿತ್ತು. ಆ ದನಿ ಹೊನ್ನಪ್ಪನದು. ಹೊನ್ನಪ್ಪ ಸತ್ತ ಮೇಲೆ ಎರಡು ಮಳೆಗಾಲ ಕಳೆದಿವೆ.

ನನಗೆ ಆಶ್ಚರ್ಯವಾಗಲಿಲ್ಲ, ಸಿಟ್ಟು ಬಂತು. ಇದು ಹೀಗೇ ಆಗುತ್ತದೆಂದು ನನಗೆ ಅವನು ಸತ್ತ ವರ್ಷದ ಕಾಫಿ ಪಿಕ್ಕಿಂಗ್ ಸೀಸನ್ನಿನಲ್ಲೇ ಅನುಮಾನವಿತ್ತು. ಹೇಳಿದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗ ನಾನು ತಿತಿಮತಿಯ ಹತ್ತಿರ, ಕಾಡಿಗೆ ತಾಗಿದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಸಂಜೆ ಅವರು ಕುಯ್ದು ತಂದ ಹಣ್ಣು ತೂಗುವುದು ನನ್ನ ಕೆಲಸ. ಚೀಲದ ಮೇಲೆ ಕೆಂಪು ಹಣ್ಣು ಕಂಡರೆ ನಾನು ತಳಕ್ಕೆ ಕೈ ಹಾಕುತ್ತೇನೆ, ಅಲ್ಲಿ ಎಲೆಯೋ ಕಾಯಿಯೋ ಮಣ್ಣೋ ಇದ್ದೇ ಇರುತ್ತದೆ. ಇಷ್ಟು ವರ್ಷ ಚೀಲದ ತಳ ತಡಕಿ ತಡಕಿ ಆ ಬುದ್ಧಿ ಮೈಗೆ ಅಂಟಿಬಿಟ್ಟಿದೆ. ನನ್ನ ಹೆಂಡತಿ ಲಲಿತಾ ನನ್ನಂತೆಯೇ ಶಿರಂಗಾಲದ ಕಡೆಯವಳು. ಮಾತು ಬಂದಾಗಲೆಲ್ಲ, "ನಿಮ್ಗೆ ನಿಮ್ ನೆಳ್ಳು ಕಂಡ್ರೂ ಅನ್ಮಾನ ಕಣ್ರೀ. ಮದ್ವೆ ದಿನ ತಾಳೀನೂ ಉಜ್ಜಿ ನೋಡಿದ್ರಲ್ಲ" ಎನ್ನುತ್ತಾಳೆ. ಉಜ್ಜಿ ನೋಡಿದ್ದು ನಿಜ. ತಪ್ಪೇನು?

ಹೊನ್ನಪ್ಪನ ಮೇಲೆ ಮಾತ್ರ ನನಗೆ ಎಂದೂ ಅನುಮಾನ ಬಂದಿರಲಿಲ್ಲ. ಆತ ನಮ್ಮ ಎಸ್ಟೇಟಿನ ಆನೆ ವಾಚರ್. ಪಶ್ಚಿಮದ ಬೆಟ್ಟದ ಕಡೆಯಿಂದ ಬಂದ ಅರೆಭಾಷೆಯವನು. ಬೆಳಕು ಹರಿಯುವ ಮೊದಲೇ ಎದ್ದು, ಕಾಡಿಗೂ ತೋಟಕ್ಕೂ ನಡುವೆ ಆನೆ ದಾಟದಂತೆ ತೋಡಿದ ಟ್ರೆಂಚಿನ ಉದ್ದಕ್ಕೂ ನಡೆದು ಬರುವುದು ಅವನ ಕೆಲಸ. ಕೈಯಲ್ಲಿ ಒಂದು ಹಳೆಯ ಡಬ್ಬಿ, ಅದರೊಳಗೆ ಕೆಂಡ, ಸಗಣಿಗೆ ಮೆಣಸಿನ ಪುಡಿ ಕಲಸಿ ತಟ್ಟಿದ ಬೆರಣಿ. ಆ ಹೊಗೆಗೆ ಆನೆ ದೂರ ಸರಿಯುತ್ತದೆ. ಹೊಗೆ ಕುಡಿದು ಕುಡಿದು ಹೊನ್ನಪ್ಪನಿಗೂ ಒಂದು ಒಣಕೆಮ್ಮು ಅಂಟಿಕೊಂಡಿತ್ತು.

ನಡೆದು ಮುಗಿಸಿದ ಮೇಲೆ ಆತ ಎಸ್ಟೇಟಿನ ವಾಟ್ಸಾಪ್ ಗ್ರೂಪಿಗೆ ದನಿ ಕಳಿಸುತ್ತಿದ್ದ. ಗ್ರೂಪಿನಲ್ಲಿ ಕೊಡವರು, ತಮಿಳರು, ಮಲಯಾಳಿಗಳು, ತುಳುವರು ಎಲ್ಲರೂ ಇದ್ದುದರಿಂದ ಅವನ ಕನ್ನಡ ಎಲ್ಲರಿಗೂ ತಿಳಿಯುವ ಬೆರಕೆ ಕನ್ನಡ. "ಹೊನ್ನಪ್ಪ ಮಾತಾಡುದು. ದೊಡ್ಡೋರು ಹಳ್ಳ ದಾಟಿ ಕಾಪಿ ಒಳಗೆ ನಿಂತಿದ್ದಾರೆ. ಜತೆಲಿ ಮರಿ ಉಟ್ಟು. ಕೆರೆ ಕಡೆ ಯಾರೂ ಹೋಗ್ಬೇಡಿ." ಅವನ ಅರೆಭಾಷೆಯಲ್ಲಿ ಉಂಟು ಎನ್ನುವುದು ಉಟ್ಟು, ಇಲ್ಲ ಎನ್ನುವುದು ಇಲ್ಲೆ. ಆನೆ ಎಂಬ ಪದ ಅವನ ಬಾಯಲ್ಲಿ ಬರುತ್ತಿರಲಿಲ್ಲ, ದೊಡ್ಡೋರು ಎಂದೇ ಹೇಳುತ್ತಿದ್ದ. ಕೆಲವು ದಿನ ಏನೂ ಕಾಣದೆ ಹಿಂದಿರುಗಿದರೂ ದನಿ ಬರುತ್ತಿತ್ತು: "ನಾ ಏನೂ ಕಂಡಿಲ್ಲೆ. ಕಂಡಿಲ್ಲೆ ಅಂದ್ರೆ ಇಲ್ಲೆ ಅಂತ ಅಲ್ಲ. ನೋಡ್ಕಂಡು ಹೋಗಿ."

ಮಾಲೀಕರು ಪೊನ್ನಪ್ಪನವರಿಗೆ ಇದು ಸರಿಬರುತ್ತಿರಲಿಲ್ಲ. "ಅಲ್ಲ ಮಾರಾಯ, ಇದೆಯೋ ಇಲ್ಲವೋ ಒಂದು ಹೇಳು. ಹಿಂಗೆ ಹೇಳಿದ್ರೆ ಆಳುಗಳು ಅರ್ಧ ದಿನ ಗೇಟಲ್ಲೇ ನಿಲ್ತಾರೆ" ಎಂದು ಎಷ್ಟೋ ಸಲ ಗದರಿದ್ದರು. ಹೊನ್ನಪ್ಪ ತಲೆ ಕೆರೆದುಕೊಂಡು, "ಇಲ್ಲೆ ಅಂತ ನಾ ಹೆಂಗೆ ಹೇಳುದು ದೊರೆ? ನಾ ಒಂದು ದಾರಿಲಿ ಬಂದೆ, ಅವ್ರು ಇನ್ನೊಂದು ದಾರಿಲಿ ಇದ್ರೆ?" ಎನ್ನುತ್ತಿದ್ದ. ಮರುದಿನ ಅದೇ ಮಾತು, ಅದೇ ಕೆಮ್ಮು.

ಆತ ಆನೆಯಿಂದ ಸಾಯಲಿಲ್ಲ. ಆಟಿ ತಿಂಗಳ, ಎಂದರೆ ಆಷಾಢದ ಮಳೆಯಲ್ಲಿ ಒದ್ದೆಯಾಗಿ ಓಡಾಡಿ ಕೆಮ್ಮು ಎದೆಗಿಳಿಯಿತು. ಹೆಂಡತಿ ದೇವಕ್ಕಿಯೂ ನಾನೂ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ನರ್ಸು ಪೇಷಂಟಿನ ಹೆಸರು ಕೇಳಿದಾಗ ದೇವಕ್ಕಿ ನನ್ನ ಮುಖ ನೋಡಿದಳು. ಗಂಡನ ಹೆಸರು ಆಕೆ ಹೇಳುವುದಿಲ್ಲ. 'ನಮ್ಮೋರು', 'ಅವ್ರು', ಅಷ್ಟೇ. ಎಸ್ಟೇಟಿನಲ್ಲಿ ಅದೊಂದು ತಮಾಷೆಯೇ ಆಗಿತ್ತು. ಹೆಂಗಸರು ಬೇಕೆಂದೇ, "ನಿನ್ನ ಗಂಡನ ಹೆಸ್ರೇನಕ್ಕ?" ಎಂದು ಕಾಡಿದರೆ, "ಹೊಗೆ ಡಬ್ಬಿ" ಎಂದು ನಕ್ಕು ಮುಂದೆ ಹೋಗುತ್ತಿದ್ದಳು. ನರ್ಸಿಗೆ ಹೆಸರು ನಾನೇ ಹೇಳಿದೆ. ವಾರ ಕಳೆಯುವುದರೊಳಗೆ ಹೆಣ ತರಬೇಕಾಯಿತು.

ಮಳೆ ನಿಂತು ಕಾಫಿ ಕೆಂಪಾಗತೊಡಗಿದಾಗ ಪೊನ್ನಪ್ಪನವರು ಮೈಸೂರಿನ ಕಡೆಯ ಒಂದು ಸಣ್ಣ ಕಂಪನಿಯವರನ್ನು ಕರೆಸಿದರು. ಅವರು ಟ್ರೆಂಚಿನ ಉದ್ದಕ್ಕೂ ಮರಗಳಿಗೆ ಕ್ಯಾಮರಾ ಕಟ್ಟಿದರು. ಕ್ಯಾಮರಾಕ್ಕೆ ಆನೆ ಕಂಡರೆ ಗ್ರೂಪಿಗೆ ತಾನೇ ದನಿ ಕಳಿಸುತ್ತದೆಂದರು. ಮೊದಮೊದಲು ಒಂದು ಹೆಂಗಸಿನ ದನಿ ಬಂತು: "ಗಮನಿಸಿ, ಪೂರ್ವ ದಿಕ್ಕಿನಲ್ಲಿ ಆನೆಗಳ ಚಲನವಲನ ಕಂಡುಬಂದಿದೆ." ಆಳುಗಳು ಬಿದ್ದು ಬಿದ್ದು ನಕ್ಕರು. ತಮಿಳಿನ ಸೆಲ್ವಿ, ನಮ್ಮ ಪಿಕ್ಕಿಂಗ್ ಗ್ಯಾಂಗಿನ ಮುಂದಾಳು, ಆ ದನಿಯನ್ನು ಅಣಕಿಸಿ ಮೂಗಿನಲ್ಲಿ ಹಾಜರಿ ಹೇಳಿದಳು. ಎರಡನೇ ದಿನದಿಂದ ಆ ಮೆಸೇಜನ್ನು ಯಾರೂ ತೆರೆಯಲೇ ಇಲ್ಲ. ಪಿಕ್ಕಿಂಗಿಗೆ ಜನ ಸಿಗುವುದೇ ಕಷ್ಟವಾದ ಕಾಲ. ಬಂದವರೂ ಕಾಡಿನ ಬದಿಯ ಬ್ಲಾಕಿಗೆ ಹೋಗಲು ಹೆದರಿ ಗೇಟಿನಲ್ಲಿ ನಿಂತರು. ಹಣ್ಣು ಗಿಡದಲ್ಲೇ ಒಣಗುತ್ತಿತ್ತು.

ಆಗ ಯಾರ ತಲೆಗೆ ಹೊಳೆಯಿತೋ, ಹೊನ್ನಪ್ಪನ ದನಿ ಬೇಕೆಂದರು.

ಕಂಪನಿಯಿಂದ ಮೇಘನಾ ಎಂಬ ಹುಡುಗಿ ಬಂದಳು. ಒಳ್ಳೆಯ ಹುಡುಗಿಯೇ, ಲೈನಿನ ಮಕ್ಕಳಿಗೆಲ್ಲ ಚಾಕಲೇಟು ತಂದಿದ್ದಳು. ನನಗೆ ಅನುಮಾನ ಬಂದದ್ದೂ ಅಲ್ಲಿಂದಲೇ. ಆಳುಗಳು ಸಾಲು ಮನೆಗಳಲ್ಲಿ ಇರುವ ಜಾಗವನ್ನು ನಾವು ಲೈನ್ ಎನ್ನುತ್ತೇವೆ. ಅಲ್ಲಿ ದೇವಕ್ಕಿಯ ಜಗಲಿಯ ಮೇಲೆ ಕೂತು ಆಕೆ, "ಆಂಟಿ, ಅಂಕಲ್ ಅವರ ದನಿಯಲ್ಲೇ ಜನಕ್ಕೆ ಎಚ್ಚರಿಕೆ ಕೊಡೋಣ ಅಂತ. ನಿಮ್ಮ ಒಪ್ಪಿಗೆ ಬೇಕು" ಎಂದಳು.

"ಅವ್ರ ದನಿ ಎಲ್ಲಿ ಉಟ್ಟು ನಿಮ್ಮ ಹತ್ರ?" ದೇವಕ್ಕಿ ಕೇಳಿದಳು.

"ಗ್ರೂಪಲ್ಲಿ ಅಷ್ಟೊಂದು ಮೆಸೇಜ್ ಇದೆಯಲ್ಲ ಆಂಟಿ."

ನಾನು ನಡುವೆ ಮೂಗು ತೂರಿಸಿದೆ. "ಹಳೇ ಮೆಸೇಜನ್ನೇ ಹಾಕ್ತೀರೋ, ಇಲ್ಲಾ ಹೊಸ ಮಾತು ಹುಟ್ಟಿಸ್ತೀರೋ?"

"ಅದೇ ದನಿ ಅಂಕಲ್. ಅವರೇ ಮಾತಾಡಿದ ಹಾಗೆ ಇರುತ್ತೆ."

"ನಾನು ಕೇಳಿದ್ದು ಅದಲ್ಲ ಕಣಮ್ಮ. ಅವ್ನು ಆಡಿದ ಮಾತು ಬೇರೆ, ಆಡದೆ ಇದ್ದ ಮಾತು ಬೇರೆ."

"ರೈಟರೇ, ತೂಕಕ್ಕೆ ಹೊತ್ತಾಯ್ತು" ಎಂದು ಪೊನ್ನಪ್ಪನವರು ನನ್ನನ್ನು ಎಬ್ಬಿಸಿದರು. ದೇವಕ್ಕಿ ಅಂಗಳದ ಕಡೆ ನೋಡುತ್ತ, "ಜನಕ್ಕೆ ಒಳ್ಳೇದಾಗ್ತದೆ ಅಂದ್ರೆ ಹಾಕಿ" ಎಂದಳು. ಮೇಘನಾ ಆ ಮಾತನ್ನು ಫೋನಿನಲ್ಲಿ ಹಿಡಿದುಕೊಂಡಳು. ದೇವಕ್ಕಿಯ ಮನಸ್ಸಿನಲ್ಲಿದ್ದದ್ದು ಹಳೆಯ ಮೆಸೇಜುಗಳೇ. ಅವನ್ನೇ ತಿರುಗಿ ಕೇಳಿಸುತ್ತಾರೆಂದು ಆಕೆ ಅಂದುಕೊಂಡಿದ್ದಳೆಂದು ಆಮೇಲೆ ತಿಳಿಯಿತು.

ಮೊದಲ ಬೆಳಿಗ್ಗೆ ನನಗೆ ಚೆನ್ನಾಗಿ ನೆನಪಿದೆ. ಮಂಜು ಸಿಲ್ವರ್ ಓಕ್ ಮರಗಳ ಅರ್ಧಕ್ಕೆ ಇಳಿದಿತ್ತು. ಹಾಜರಿ ಅಂಗಳದಲ್ಲಿ ಎಲ್ಲರೂ ತಲೆಗೆ ಟವೆಲ್ ಸುತ್ತಿಕೊಂಡು, ಸೊಂಟಕ್ಕೆ ಗೋಣಿ ಕಟ್ಟಿಕೊಂಡು ನಿಂತಿದ್ದರು. ಫೋನುಗಳು ಒಟ್ಟಿಗೆ ಕಿಣಿಗುಟ್ಟಿದವು. "ಹೊನ್ನಪ್ಪ ಮಾತಾಡುದು" ಎಂದಿತು ದನಿ, ಕೆಮ್ಮಿತು, ದೊಡ್ಡೋರು ಕೆರೆ ಏರಿ ಮೇಲೆ ಇದ್ದಾರೆ ಎಂದಿತು. ಸೆಲ್ವಿಯ ಕೈಯಿಂದ ಬುತ್ತಿ ಡಬ್ಬಿ ಬಿತ್ತು. ಒಬ್ಬಳು ಕೈಮುಗಿದಳು. ಎಲ್ಲರೂ ಕೆರೆ ಕಡೆ ಬಿಟ್ಟು ಬೇರೆ ಬ್ಲಾಕಿಗೆ ಹೊರಟರು. ನಾನೂ ಮುಚ್ಚಿಡುವುದಿಲ್ಲ, ಚಪ್ಪಲಿ ಸರಿಮಾಡಿಕೊಳ್ಳುವ ನೆವದಲ್ಲಿ ಬಗ್ಗಿ ಕಣ್ಣೊರೆಸಿಕೊಂಡೆ.

ದೇವಕ್ಕಿ ಗೋಡೆಯ ಪಕ್ಕ ನಿಂತು ಮತ್ತೆ ಮತ್ತೆ ಕೇಳುತ್ತಿದ್ದಳು. ಮುಖದಲ್ಲಿ ಬೆಳಕಿತ್ತು. "ಒಂದು ಗಳಿಗೆ ಅವ್ರು ಡ್ಯೂಟಿಲೇ ಇದ್ದಾರೆ ಅಂತ ಅನ್ನಿಸ್ತು ಸಾರ್" ಎಂದಳು. ಸಂತೋಷಪಡುವ ಹೆಂಗಸಿನ ಮುಂದೆ ಅನುಮಾನ ತೆಗೆಯಬಾರದೆಂದು ನಾನು ಬಾಯಿ ಮುಚ್ಚಿಕೊಂಡಿದ್ದೆ.

ಆದರೆ ಕಿವಿ ಮುಚ್ಚಿಕೊಳ್ಳಲಾಗಲಿಲ್ಲ. ಆ ದನಿ ದಿನವೂ ಒಂದೇ ಜಾಗದಲ್ಲಿ ಕೆಮ್ಮುತ್ತಿತ್ತು. ಹೆಸರು ಹೇಳಿದ ಮೇಲೆ ಎರಡು ಕೆಮ್ಮು, ಉಸಿರು, ಗಂಟಲು. ಬಿಸಿಲಿರಲಿ ಮಂಜಿರಲಿ, ಆನೆ ಹತ್ತಿರವಿರಲಿ ದೂರವಿರಲಿ, ಅದೇ ಕೆಮ್ಮು. ಬದುಕಿದ್ದ ಹೊನ್ನಪ್ಪ ಓಡಿ ಬಂದ ದಿನ ಏದುಸಿರು ಬಿಡುತ್ತಿದ್ದ, ಹೆದರಿದ ದಿನ ಮಾತು ತುಂಡಾಗುತ್ತಿತ್ತು. ನಾವು ಮಾತಿಗಿಂತ ಹೆಚ್ಚಾಗಿ ಅದನ್ನೇ ಕೇಳಿ ಎಷ್ಟು ಹೆದರಬೇಕೆಂದು ತೀರ್ಮಾನ ಮಾಡುತ್ತಿದ್ದೆವು. ಇದಕ್ಕೆ ಹೆದರಿಕೆಯೇ ಇರಲಿಲ್ಲ. ಲಲಿತಾಗೆ ಹೇಳಿದೆ. "ಸತ್ತೋರ ಕೆಮ್ಮನ್ನೂ ಲೆಕ್ಕ ಹಾಕ್ತೀರಲ್ಲ, ನಿಮ್ಗೆ ಬೇರೆ ಕೆಲ್ಸ ಇಲ್ವಾ" ಎಂದಳು.

ಕ್ರಿಸ್‌ಮಸ್ ಕಳೆದು ಕೆಲವು ದಿನಗಳ ಮೇಲೆ, ಕಣದಲ್ಲಿ ಕಾಫಿ ಹರಡುತ್ತಿದ್ದ ದೇವಕ್ಕಿ ಕುಂಟೆ ಬಿಟ್ಟು ನನ್ನ ಬಳಿ ಬಂದಳು. ಒಣಗುವ ಹಣ್ಣಿನ ಹುಳಿವಾಸನೆ ಮೂಗಿಗೆ ಬಡಿಯುತ್ತಿತ್ತು. ಫೋನು ನನ್ನ ಕಿವಿಗೆ ಹಿಡಿದಳು. "ಈ ಕೆಮ್ಮು ಕೇಳಿ ಸಾರ್."

"ಅವ್ನ ಕೆಮ್ಮೇ ಅಲ್ವಾ?"

"ಅವ್ರದ್ದೇ. ಆದ್ರೆ ಮೊದಲಿನದ್ದಲ್ಲ. ಹೊಗೆ ಕೆಮ್ಮು ಒಣ ಇತ್ತು. ಇದ್ರಲ್ಲಿ ಕಫ ಉಟ್ಟು. ಆಸ್ಪತ್ರೆಗೆ ಹೋಗೋ ಮುಂಚೆ ಹಿಂಗೆ ಕೆಮ್ತಿದ್ರು, ರಾತ್ರಿ ನಾ ಬೆನ್ನು ತಿಕ್ತಿದ್ದೆ." ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ದಿನಾ ಬೆಳಿಗ್ಗೆ ಅವ್ರಿಗೆ ಹುಷಾರಿಲ್ಲೆ ಸಾರ್. ನಾ ಏನು ಮಾಡುದು?"

ಕಂಪನಿಯವರು ಅವನ ಕೊನೆಯ ವಾರಗಳ ಮೆಸೇಜುಗಳನ್ನೇ ಹೆಚ್ಚು ಬಳಸಿದ್ದರಂತೆ. ಮೇಘನಾಳಿಗೆ ಫೋನ್ ಮಾಡಿ ಕೆಮ್ಮನ್ನಾದರೂ ತೆಗೆಯಿರಿ ಎಂದೆ. "ಅಂಕಲ್, ಆ ಕೆಮ್ಮಿಂದಾನೇ ಅದು ನಿಜ ಅನ್ಸೋದು. ಟೆಸ್ಟಲ್ಲಿ ಜನ ಕೆಮ್ಮಿರೋ ದನೀನೇ ಹೆಚ್ಚು ನಂಬಿದ್ರು" ಎಂದಳು. ಬಹಳ ಮರ್ಯಾದೆಯಿಂದಲೇ ಹೇಳಿದಳು. ನನಗೆ ಫೋನನ್ನು ಕಣದಾಚೆ ಎಸೆಯುವಷ್ಟು ಕೋಪ ಬಂತು.

ಸಂಕ್ರಾಂತಿ ಕಳೆದ ಮೇಲೆ ಮೋಡ ಕಟ್ಟಿತು. ಕಾಫಿಯವರು ಆ ಮೋಡಕ್ಕೆ ಹೆದರುತ್ತಾರೆ. ಕುಯ್ಲು ಮುಗಿಯುವ ಮೊದಲು ಮಳೆ ಬಿದ್ದರೆ ಹಣ್ಣು ಉದುರುತ್ತದೆ, ಕಣದಲ್ಲಿದ್ದದ್ದು ಬೂಸ್ಟು ಹಿಡಿಯುತ್ತದೆ, ಹಣ್ಣಿರುವ ಗಿಡದಲ್ಲೇ ಹೂವೂ ಬಂದು ಮುಂದಿನ ಫಸಲೂ ಹಾಳು. ಕಾಡಿನ ಬದಿಯ ಬ್ಲಾಕು ಇನ್ನೂ ಹಾಗೇ ಇತ್ತು. ಪೊನ್ನಪ್ಪನವರು ಕೆಟ್ಟವರಲ್ಲ. ಆ ವಾರ ಅವರು ಊಟ ಸರಿಯಾಗಿ ಮಾಡದೆ, ಕಣದ ಮೇಲೆ ನಿಂತು ಆಕಾಶ ನೋಡುವುದನ್ನು ನಾನೇ ಕಂಡಿದ್ದೇನೆ.

ಆ ಬೆಳಿಗ್ಗೆ ಫೋನುಗಳು ಕಿಣಿಗುಟ್ಟಿದವು. "ಹೊನ್ನಪ್ಪ ಮಾತಾಡುದು." ಕೆಮ್ಮು. "ಇವತ್ತು ಆನೆ ಇಲ್ಲ. ಟ್ರೆಂಚ್ ಪಕ್ಕದ ಬ್ಲಾಕಿಗೆ ಎಲ್ಲರೂ ಧೈರ್ಯವಾಗಿ ಹೋಗಿ."

ಅಂಗಳದಲ್ಲಿ ಉಸಿರು ಬಿಟ್ಟಂತಾಯಿತು. ಎಷ್ಟೋ ದಿನದಿಂದ ಹೆದರಿದ್ದವರು ಗೋಣಿ ಕೊಡವಿ ಹೊರಟರು. ದೇವಕ್ಕಿ ಓಡಿ ಹೋಗಿ ಗೇಟಿಗೆ ಅಡ್ಡ ನಿಂತಳು.

"ಹೋಗ್ಬೇಡಿ. ಇದು ಅವ್ರು ಹೇಳಿದ್ದಲ್ಲ."

"ಅಯ್ಯೋ ಅಕ್ಕಾ, ನಿನ್ನ ಗಂಡನ ದನಿ ನಿನಗೇ ಗೊತ್ತಾಗಲ್ವಾ?" ಎಂದು ಸೆಲ್ವಿ ನಕ್ಕಳು.

"ದನಿ ಅವ್ರದ್ದು. ಮಾತು ಅವ್ರದ್ದಲ್ಲ. ಅವ್ರು ಇಲ್ಲೆ ಅಂತ ಯಾವತ್ತಾದ್ರೂ ಹೇಳಿದ್ದು ಕೇಳಿದ್ದೀರಾ? ಕಂಡಿಲ್ಲೆ ಅಂತಿದ್ರು."

ಒಂದಿಬ್ಬರು ತಡೆದು ನಿಂತರು. ಉಳಿದವರು ಆಕೆಯನ್ನು ಬಳಸಿಕೊಂಡು ಹೋದರು. ಹೊನ್ನಪ್ಪನ ಮಾತನ್ನು ಮೀರಿ ಅವನ ಹೆಂಡತಿಯ ಮಾತು ಕೇಳುವುದು ಹೇಗೆ ಎಂಬುದು ಅವರ ಮುಖದಲ್ಲಿತ್ತು. ನನ್ನ ಕಿವಿಯೂ ನೆಟ್ಟಗಾಗಿತ್ತು, ದೊಡ್ಡೋರು ಎನ್ನುವವನು ಇವತ್ತು ಆನೆ ಎಂದಿದ್ದ. ಆಫೀಸಿಗೆ ಓಡಿದರೆ ಪೊನ್ನಪ್ಪನವರು ಇರಲಿಲ್ಲ, ಲಾರಿಯ ಜೊತೆ ಹೋಗಿದ್ದರು. ನಾನು ಗ್ಯಾಂಗಿನ ಹಿಂದೆಯೇ ನಡೆದೆ.

ಆ ಬ್ಲಾಕಿನಲ್ಲಿ ರೊಬಸ್ಟಾ ಕಾಫಿ ಗಿಡಗಳು ಆಳೆತ್ತರ. ಮಂಜಿನಲ್ಲಿ ಪಕ್ಕದ ಸಾಲಿನವರೂ ಕಾಣುತ್ತಿರಲಿಲ್ಲ, ಹಣ್ಣು ಗೋಣಿಗೆ ಬೀಳುವ ಸದ್ದು ಮಾತ್ರ. ಬಿಸಿಲು ಮೂಡುವ ಹೊತ್ತಿಗೆ ಕೆಳಗಡೆ ಕೊಂಬೆಯೊಂದು ಲಟಕ್ಕೆಂದಿತು. ಮಂಗವಿರಬೇಕು ಎಂದರು ಯಾರೋ. ಮತ್ತೆ ಲಟಕ್ಕೆಂದಿತು. ಆಮೇಲೆ ಮಂಜಿನೊಳಗೆ ಒಂದು ಗೋಡೆ ಅಲುಗಿತು. ಮರಿಯ ಜೊತೆ ಒಂದು ಹೆಣ್ಣಾನೆ ರಾತ್ರಿಯಿಂದಲೂ ಅಲ್ಲೇ ಸದ್ದಿಲ್ಲದೆ ನಿಂತಿತ್ತು. ಗಿಡಗಳ ನಡುವೆ ಬಗ್ಗಿ ನಿಂತ ಜನರನ್ನು ಕಂಡು ಅದೂ ಹೆದರಿರಬೇಕು, ಒಮ್ಮೆ ಘೀಳಿಟ್ಟಿತು. ಗೋಣಿ, ಬುತ್ತಿ, ಚಪ್ಪಲಿ ಬಿಟ್ಟು ಎಲ್ಲರೂ ಓಡಿದರು. ಆನೆ ಮರಿಯನ್ನು ಮುಂದೆ ಮಾಡಿಕೊಂಡು ಇನ್ನೊಂದು ಕಡೆ ಹೋಯಿತು, ಯಾರನ್ನೂ ಮುಟ್ಟಲಿಲ್ಲ. ಓಡುವ ಭರದಲ್ಲಿ ಸೆಲ್ವಿ ಟ್ರೆಂಚಿಗೆ ಬಿದ್ದಿದ್ದಳು. ಎತ್ತಿ ಮೇಲೆ ತಂದಾಗ ಕಾಲು ಮೊಣಕಾಲಿನ ಕೆಳಗೆ ತಿರುಚಿಕೊಂಡಿತ್ತು.

ಜೀಪಿನಲ್ಲಿ ದಾರಿಯುದ್ದಕ್ಕೂ ಅವಳದು ಒಂದೇ ಮಾತು. "ಹೊನ್ನಪ್ಪಣ್ಣ ಆನೆ ಇಲ್ಲ ಅಂತ ಸೊನ್ನಾರೇ ಸಾರ್. ಅವ್ರೇ ಹೇಳಿದ್ರು. ಬೇರೆ ಯಾರು ಹೇಳಿದ್ರೂ ನಾನು ಹೋಗ್ತಾನೇ ಇರ್ಲಿಲ್ಲ."

ಸಂಜೆ ಲೈನಿನ ನಲ್ಲಿಯ ಹತ್ತಿರ ಮಾತು ಬೇರೆ ದಾರಿ ಹಿಡಿದಿತ್ತು. ಹೊನ್ನಪ್ಪ ಮೋಸ ಮಾಡಿದ ಎಂದರು. ಬದುಕಿದ್ದಾಗ ಒಳ್ಳೆಯವನೇ, ಸತ್ತ ಮೇಲೆ ಕಾಡುತ್ತಿದ್ದಾನೆ, ಅವನಿಗೆ ಸರಿಯಾಗಿ ಎಡೆ ಇಟ್ಟಿಲ್ಲ ಎಂದಳು ಒಬ್ಬ ಮುದುಕಿ. ದೇವಕ್ಕಿ ಕೊಡ ಹಿಡಿದುಕೊಂಡು ಸಾಲಿನಲ್ಲೇ ನಿಂತಿದ್ದಳು. ನೀರು ಹಿಡಿಯದೆ ಖಾಲಿ ಕೊಡವನ್ನೇ ಎತ್ತಿಕೊಂಡು ಮನೆಗೆ ಹೋದಳು. ಅಷ್ಟು ವರ್ಷ ಕಾಡಂಚಿನಲ್ಲಿ ನಡೆದು ಆತ ಗಳಿಸಿದ್ದು ಅದೊಂದೇ ಹೆಸರು, ಸುಳ್ಳು ಹೇಳದವನು ಎಂದು. ಅದೂ ಹೋಗುತ್ತಿತ್ತು.

ಪೊನ್ನಪ್ಪನವರು ಆಸ್ಪತ್ರೆಯ ಖರ್ಚೆಲ್ಲ ತಾವೇ ನೋಡಿಕೊಂಡರು. ನಾನು ನೇರವಾಗಿ ಕೇಳಿದೆ, ಇಲ್ಲ ಎಂದು ಹೇಳಿದ್ದು ಯಾರು ಎಂದು. ಅವರು ಮುಖ ತಿರುಗಿಸಲಿಲ್ಲ.

"ನಾನೇ. ಕಂಪನಿಯವರು ಕೊಟ್ಟ ಆ್ಯಪ್‌ನಲ್ಲಿ ಬರೆದ್ರೆ ಅದು ಅವನ ದನಿಯಲ್ಲಿ ಹೇಳ್ತದೆ. ಕ್ಯಾಮರಾದಲ್ಲಿ ಏನೂ ಇರ್ಲಿಲ್ಲ, ಇಲ್ಲ ಅಂತ ಬರೆದೆ. ಅದು ಸುಳ್ಳಾ?"

"ನಿಮ್ಮ ಬಾಯಲ್ಲಿ ಹೇಳಬಹುದಿತ್ತಲ್ಲ ಸಾರ್."

"ನಾನು ಹೇಳಿದ್ರೆ ಯಾರು ಹೋಗ್ತಾರೆ ರೈಟರೇ?" ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚಿತ್ತು. ದನಿ ನಿಲ್ಲಿಸಿ ಎಂದೆ. ಬ್ಲಾಕು ಮುಗಿಯಲಿ ಎಂದರು.

ಭಾನುವಾರ ದೇವಕ್ಕಿಯನ್ನು ಕರೆದುಕೊಂಡು ವಿರಾಜಪೇಟೆಯ ಒಬ್ಬ ವಕೀಲರ ಹತ್ತಿರ ಹೋದೆ. ವಯಸ್ಸಾದವರು, ಪೂರ್ತಿ ಕೇಳಿದರು, ಹೊನ್ನಪ್ಪನ ಹಳೆಯ ಮೆಸೇಜು, ಹೊಸ ಮೆಸೇಜು ಎರಡನ್ನೂ ಕೇಳಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪುಸ್ತಕಕ್ಕೆ ಕಾಪಿರೈಟ್ ಉಂಟು, ಹಾಡಿಗೆ ಉಂಟು, ರೆಕಾರ್ಡ್ ಮಾಡಿದ್ದಕ್ಕೂ ಉಂಟು. ಗಂಟಲಿಗೆ ಇಲ್ಲ. ಆ ಕಂಪನಿಯವರು ನಾವು ಮೆಸೇಜ್ ಕಾಪಿ ಮಾಡಿಲ್ಲ, ಅದರಿಂದ ಕಲ್ತು ಹೊಸದು ಮಾಡಿದ್ದೇವೆ ಅಂತಾರೆ. ನಿಮ್ಮ ಮಾಲೀಕರು, ಅವನು ನನ್ನ ಕೆಲಸದವನು, ಕೆಲಸದಲ್ಲಿ ಆಡಿದ ಮಾತು ನನ್ನದು ಅಂತಾರೆ. ಹೆಸರು ಮಾಡಿದ ದೊಡ್ಡ ಜನ ನನ್ನ ದನಿ ಬಳಸ್ಬೇಡಿ ಅಂತ ಕೋರ್ಟಿಗೆ ಹೋಗ್ತಾರೆ, ಆರ್ಡರ್ ತರ್ತಾರೆ. ಅವರು ಬದುಕಿದ್ದಾರೆ. ಸತ್ತ ಮೇಲೆ ಆ ಹಕ್ಕು ಮನೆಯವರಿಗೆ ಬರ್ತದಾ ಅಂದ್ರೆ, ಅದು ಇನ್ನೂ ಇತ್ಯರ್ಥ ಆಗಿಲ್ಲಮ್ಮ. ಮೇಲಾಗಿ ನೀನು ಒಪ್ಪಿಗೆ ಬೇರೆ ಕೊಟ್ಟಿದ್ದಿ. ನೋಟಿಸ್ ಕೊಡೋಣ. ಉತ್ತರ ಬರೋ ಹೊತ್ತಿಗೆ ಮುಂದಿನ ಪಿಕ್ಕಿಂಗ್ ಬರ್ತದೆ."

ದೇವಕ್ಕಿ ಒಂದೇ ಪ್ರಶ್ನೆ ಕೇಳಿದಳು. "ಅವ್ರು ಹೇಳದೆ ಇದ್ದದ್ದನ್ನ ಹೇಳಿದ್ದಾರೆ ಅಂದ್ರೆ, ಹೇಳಿಲ್ಲೆ ಅಂತ ಯಾರು ಹೇಳ್ಬೇಕು ಸಾರ್?"

ವಕೀಲರು ಕನ್ನಡಕ ಮತ್ತೆ ಹಾಕಿಕೊಂಡು, "ಬದುಕಿದ್ದೋರೇ ಹೇಳ್ಬೇಕು" ಎಂದರು. ಫೀಸು ತೆಗೆದುಕೊಳ್ಳಲಿಲ್ಲ. ಬಸ್ಸಿನಲ್ಲಿ ದೇವಕ್ಕಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಈಕೆ ಸೋತು ಹೋದಳು ಎಂದೇ ನಾನು ತಿಳಿದುಕೊಂಡೆ.

ಸೋಮವಾರ ಅಂಗಳದಲ್ಲಿ ಮತ್ತೆ ಫೋನುಗಳು ಕಿಣಿಗುಟ್ಟಿದವು. ಹೊನ್ನಪ್ಪ ಮಾತಾಡಿದ, ಕೆಮ್ಮಿದ, ಆನೆ ಇಲ್ಲ ಎಂದ. ಜನ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದಾಗ ದೇವಕ್ಕಿ ಮುಂದೆ ಬಂದಳು. ಫೋನನ್ನು ಬಾಯಿಯ ಹತ್ತಿರ ಹಿಡಿದು, ಗಂಡ ಮಾಡುತ್ತಿದ್ದಂತೆಯೇ ಹೆಬ್ಬೆರಳಲ್ಲಿ ಒತ್ತಿದಳು.

"ನಾ ದೇವಕ್ಕಿ ಮಾತಾಡುದು" ಎಂದಳು. ನಿಂತಳು. ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಮುಂದೇನೆಂದು ನನಗೆ ಆಗ ಹೊಳೆಯಿತು.

"ಹೊನ್ನಪ್ಪ" ಎಂದಳು. ಜೀವನದಲ್ಲಿ ಮೊದಲ ಸಲ. "ಹೊನ್ನಪ್ಪ ಸತ್ತಿದ್ದಾರೆ. ಆಟಿಲಿ ತೀರಿಕೊಂಡ್ರು. ಈಗ ಮಾತಾಡಿದ್ದು ಅವ್ರಲ್ಲ. ನಾ ಟ್ರೆಂಚ್ ತನಕ ಹೋಗಿ ಬಂದೆ. ನಾ ಏನೂ ಕಂಡಿಲ್ಲೆ. ಕಂಡಿಲ್ಲೆ ಅಂದ್ರೆ ಇಲ್ಲೆ ಅಂತ ಅಲ್ಲ."

ಬೆರಳು ತೆಗೆದಳು. ಒಂದು ಗಳಿಗೆಯ ಮೇಲೆ ಅದೇ ಮಾತು ಎಲ್ಲರ ಫೋನಿನಿಂದ ಇನ್ನೊಮ್ಮೆ ಕೇಳಿತು. ಗಂಡನ ಹೆಸರು ಕೇಳಿ ಆಕೆಯನ್ನು ಕಾಡುತ್ತಿದ್ದ ಹೆಂಗಸರಲ್ಲಿ ಒಬ್ಬಳೂ ತಲೆಯೆತ್ತಲಿಲ್ಲ. ಆ ದಿನ ಯಾರೂ ಕಾಡಿನ ಬದಿಗೆ ಹೋಗಲಿಲ್ಲ.

ಅಲ್ಲಿಂದ ಮುಂದೆ ಪಿಕ್ಕಿಂಗ್ ಮುಗಿಯುತ್ತ ಬರುವ ತನಕ ಅದು ನಡೆಯಿತು. ಬೆಳಿಗ್ಗೆ ಮೊದಲು ಹೊನ್ನಪ್ಪನ ದನಿ, ಅದರ ಬೆನ್ನಿಗೇ ದೇವಕ್ಕಿಯ ದನಿ. ಹೊನ್ನಪ್ಪ ಸತ್ತಿದ್ದಾರೆ. ಗಂಡನ ಸಾವನ್ನು ದಿನವೂ ಊರಿಗೆ ಸಾರಬೇಕಾದ ಇನ್ನೊಬ್ಬ ಹೆಂಗಸನ್ನು ನಾನು ಕಂಡಿಲ್ಲ. ಗಂಡನ ಹೆಸರು ಹೇಳಿದ್ದಕ್ಕೆ ಪ್ರತಿ ದಿನವೂ ನಲ್ಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬರುತ್ತಿದ್ದಳು. ಪೊನ್ನಪ್ಪನವರು ಕರೆಸಿ, "ನೀನೇ ಒಪ್ಪಿದ್ದಲ್ಲ ದೇವಕ್ಕಿ" ಎಂದರು. "ಒಪ್ಪಿದ್ದು ಉಟ್ಟು ದೊರೆ. ಜನಕ್ಕೆ ಒಳ್ಳೇದು ಅಂತ ಒಪ್ಪಿದ್ದು. ಈಗ ಒಪ್ಪಿಗೆ ಇಲ್ಲೆ. ನಮ್ಮಲ್ಲಿ ಸತ್ತೋರಿಗೆ ಎಡೆ ಇಟ್ಟು ಬಾಗಿಲು ಹಾಕ್ಕಂಡು ಹೊರಗೆ ನಿಲ್ತೇವೆ. ಅವ್ರು ಉಂಡು ಹೋಗ್ಲಿ ಅಂತ. ಕೂರಿಸಿ ಕೆಲಸ ಮಾಡ್ಸುದಿಲ್ಲೆ" ಎಂದಳು. ಪೊನ್ನಪ್ಪನವರು ತಲೆ ತಗ್ಗಿಸಿದರು. ಅವರ ಮನೆಯಲ್ಲೂ ಹಿರಿಯರಿಗೆ ಮೀಸಲು ಇಡುವವರೇ. ಆದರೂ ದನಿ ನಿಂತದ್ದು ಆಳುಗಳು ಆಕೆಯ ಮೆಸೇಜು ಬಾರದೆ ಗೇಟು ದಾಟುವುದಿಲ್ಲ ಎಂದ ಮೇಲೆ. ಅಷ್ಟರಲ್ಲಿ ಮಳೆ ಬಂದು, ಕುಯ್ಯದೆ ಉಳಿದ ಬ್ಲಾಕೂ ಸೇರಿ ಇಡೀ ತೋಟ ಬೆಳ್ಳಗೆ ಹೂ ಬಿಟ್ಟಿತ್ತು.

ಕಂಪನಿಯವರು ಕ್ಯಾಮರಾ ಬಿಚ್ಚಲು ಬಂದ ದಿನ ಮೇಘನಾಳನ್ನು ಕೇಳಿದೆ, ಆ ದನಿಯನ್ನು ಏನು ಮಾಡಿದಿರಿ ಎಂದು. "ಅದೆಲ್ಲ ಸರ್ವರ್ ಟೀಮ್‌ನವರು ನೋಡ್ಕೊಳ್ತಾರೆ ಅಂಕಲ್" ಎಂದಳು. ಮನೆಗೆ ಬಂದು ಲಲಿತಾಗೆ, ಇದು ಇಲ್ಲಿಗೆ ಮುಗಿಯುವುದಿಲ್ಲ ನೋಡು ಎಂದೆ. "ಮುಗೀತು ಬಿಡ್ರೀ" ಎಂದು ತಟ್ಟೆ ಇಟ್ಟಳು.

ಹೋದ ವಾರ ಆ ಜೀಪಿನ ಡ್ರೈವರನನ್ನು ಕೇಳಿದೆ, ಇದು ಯಾರ ದನಿ ಎಂದು.

"ಗೊತ್ತಿಲ್ಲ ಸಾರ್. ಫೋನಲ್ಲಿ ಒಂದು ಲಿಸ್ಟ್ ಬರುತ್ತೆ, ಬೇಕಾದ ದನಿ ಆರಿಸ್ಕೊಳ್ಳೋದು. ಇದು 'ಕೂರ್ಗ್ ಅಂಕಲ್' ಅಂತ ಇತ್ತು. ಓನರ್‌ಗೆ ಇಷ್ಟ ಆಯ್ತು, ನಂಬಿಕೆ ಬರೋ ದನಿ ಅಂದ್ರು."

ದೇವಕ್ಕಿ ಈಗ ತಿತಿಮತಿ ಬಿಟ್ಟು ತಮ್ಮನ ಮನೆಯಲ್ಲಿದ್ದಾಳೆ. ಫೋನ್ ಮಾಡಿದೆ. ಹೇಳಲೋ ಬೇಡವೋ ಎಂದು ತಡವರಿಸಿ ಹೇಳಿದೆ. ಆಕೆ ಬೇರೇನೂ ಕೇಳಲಿಲ್ಲ.

"ಕೆಮ್ಮು ಉಟ್ಟಾ ಸಾರ್?"

ನಾನು ಫೋನನ್ನು ಸ್ಪೀಕರಿನ ಕಡೆ ಹಿಡಿದೆ. ಜಾಹೀರಾತು ಸುತ್ತಿ ಮತ್ತೆ ಮೊದಲಿಗೆ ಬಂತು, ಎರಡು ಕೆಮ್ಮು, ಉಸಿರು, ಗಂಟಲು. ಆಕೆ ಪೂರ್ತಿ ಕೇಳಿದಳು. "ಇನ್ನೂ ವಾಸಿ ಆಗಿಲ್ಲೆ" ಎಂದಳು. ಫೋನು ಕಟ್ಟಾಯಿತು.

ನಾನು ಹೋಗಿ ಬಸ್ಸಿನಲ್ಲಿ ಕೂತೆ. ಕಂಡಕ್ಟರು ಸೀಟಿ ಊದುವ ಹೊತ್ತಿಗೆ ಎಷ್ಟೋ ಕಾಲದಿಂದ ಸುಮ್ಮನಿದ್ದ ಆ ಹಳೆಯ ಗ್ರೂಪು ಕಿಣಿಗುಟ್ಟಿತು. ಕಿವಿಗೆ ಹಿಡಿದೆ.

"ನಾ ದೇವಕ್ಕಿ ಮಾತಾಡುದು. ಹೊನ್ನಪ್ಪ ಸತ್ತಿದ್ದಾರೆ. ಆಟಿಲಿ ತೀರಿಕೊಂಡ್ರು. ವಿರಾಜಪೇಟೆಲಿ ಜೀಪಿಂದ ಕರೀತಾ ಇರೋದು ಅವ್ರಲ್ಲ. ನಾ ಅಲ್ಲಿ ಇಲ್ಲೆ. ಅಲ್ಲಿ ಯಾರಾದ್ರೂ ಇದ್ರೆ ಇದನ್ನ ಆ ಜೀಪಿನ ಹತ್ರ ಜೋರಾಗಿ ಹಾಕಿ."

ನಾನು ಬಸ್ಸಿನಿಂದ ಇಳಿದೆ.